ಪ್ರಬಂಧ ಮುಗಿದ ಮೇಲೆ ಕೆಲಸ ಹುಡುಕಿದರಾಯಿತೇ?

ಪ್ರಶ್ನೆ: ನಾನು ಜೀವವಿಜ್ಞಾನದಲ್ಲಿ ಪಿಎಚ್‌.ಡಿ. ಸಂಶೋಧನೆಯ ನಾಲ್ಕನೆಯ ವರ್ಷದಲ್ಲಿದ್ದೇನೆ. ಒಂದು ಲೇಖನ ಪ್ರಕಟವಾಗಿದೆ, ಇನ್ನೊಂದು ಪರಿಶೀಲನೆಯಲ್ಲಿದೆ. ಇನ್ನು ಒಂದೂವರೆ ವರ್ಷದಲ್ಲಿ ಮಹಾಪ್ರಬಂಧ ಸಲ್ಲಿಸುವ ಅಂದಾಜಿದೆ. ಕೆಲಸದ ಮಾತೆತ್ತಿದರೆ ಮಾರ್ಗದರ್ಶಕರು ‘ಮೊದಲು ಪ್ರಬಂಧ ಮುಗಿಯಲಿ’ ಎನ್ನುತ್ತಾರೆ. ನಮ್ಮ ಪ್ರಯೋಗಾಲಯದ ಹಿರಿಯರೆಲ್ಲ ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಗೆ, ಹೋಗಿದ್ದಾರೆ. ನಾನೂ ಹಾಗೆಯೇ ಹೋಗುತ್ತೇನೆಂದು ಎಲ್ಲರೂ ಎಣಿಸಿದ್ದಾರೆ. ನನಗೆ ಪಾಠ ಮಾಡುವುದು ಇಷ್ಟ, ಆದರೆ ಪ್ರಾಧ್ಯಾಪಕ ಹುದ್ದೆ ಸಿಗುವ ಭರವಸೆಯಿಲ್ಲ. ಉದ್ಯಮಕ್ಕೆ ಹೋದರೆ ಮತ್ತೆ ವಿಶ್ವವಿದ್ಯಾಲಯಕ್ಕೆ ಮರಳಲಾಗದೆಂಬ ಹೆದರಿಕೆಯೂ ಇದೆ. ಹುಡುಕಾಟವನ್ನು ಯಾವಾಗ, ಎಲ್ಲಿಂದ ಆರಂಭಿಸಲಿ? ಮಾರ್ಗದರ್ಶಕರೊಡನೆ ಇದನ್ನು ಹೇಗೆ ಪ್ರಸ್ತಾಪಿಸಲಿ?

ಉತ್ತರ: ನಿಮ್ಮ ಮಾರ್ಗದರ್ಶಕರ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರಬಂಧ ಮುಗಿಯದೆ ಉಳಿದರೆ ಡಾಕ್ಟರೇಟ್ ಪದವಿಯನ್ನು ಬಯಸುವ ಯಾವ ಹುದ್ದೆಯೂ ಕೈಗೆ ಬರುವುದಿಲ್ಲ, ಬಂದರೂ ಉಳಿಯುವುದಿಲ್ಲ. ಆದರೆ ‘ಮೊದಲು ಪ್ರಬಂಧ, ಆಮೇಲೆ ಕೆಲಸ’ ಎಂಬ ಅನುಕ್ರಮ ತಪ್ಪು, ಏಕೆಂದರೆ ನೇಮಕ ಮಾಡಿಕೊಳ್ಳುವವರು ಯಾರೂ ನಿಮ್ಮ ಪ್ರಬಂಧದ ದಿನಾಂಕವನ್ನು ನೋಡಿಕೊಂಡು ಜಾಹೀರಾತು ಕೊಡುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಒಂದು ಪಂಚಾಂಗ, ಫೆಲೋಶಿಪ್ ಕೊಡುವ ಸಂಸ್ಥೆಗಳಿಗೆ ಇನ್ನೊಂದು, ಉದ್ಯಮಕ್ಕೆ ಮತ್ತೊಂದು. ಸಂಶೋಧನಾ ವಿದ್ಯಾರ್ಥಿಗಳು ಉದ್ಯೋಗದ ವಿಷಯದಲ್ಲಿ ಅನುಭವಿಸುವ ಕಷ್ಟದಲ್ಲಿ ದೊಡ್ಡ ಪಾಲು ಯೋಗ್ಯತೆಯ ಕೊರತೆಯಿಂದ ಬಂದದ್ದಲ್ಲ, ಈ ಮೂರು ಪಂಚಾಂಗಗಳನ್ನು ಒಂದೇ ಎಂದು ಭಾವಿಸಿದ್ದರಿಂದ ಬಂದದ್ದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ನಿಮ್ಮ ‘ಯಾವಾಗ’ ಎಂಬ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ‘ಎಲ್ಲಿ’ ಎಂಬುದಕ್ಕೆ ಉತ್ತರದ ಅರ್ಧ ಭಾಗ ಅದರಲ್ಲಿಯೇ ಸಿಗುತ್ತದೆ.

ವಿಶ್ವವಿದ್ಯಾಲಯಗಳ ಬೋಧಕ ಹುದ್ದೆಗಳು ಶೈಕ್ಷಣಿಕ ವರ್ಷಕ್ಕೆ ಕಟ್ಟುಬಿದ್ದಿರುತ್ತವೆ. ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳು ಮುಂದಿನ ವರ್ಷದ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಸೇರಬೇಕಾದವರಿಗಾಗಿ ಈ ವರ್ಷದ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಅರ್ಜಿ ಕರೆಯುವುದು ರೂಢಿ. ಸಂದರ್ಶನಗಳು ಚಳಿಗಾಲದಲ್ಲಿ ನಡೆದು, ನಿರ್ಧಾರ ವಸಂತದ ಹೊತ್ತಿಗೆ ಹೊರಬೀಳುತ್ತದೆ. ಕೆಲವು ವಿಷಯಗಳಲ್ಲಿ ಇದು ಎಷ್ಟು ವ್ಯವಸ್ಥಿತವಾಗಿದೆಯೆಂದರೆ, ಗಣಿತದ ಹುದ್ದೆಗಳಿಗೆ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ನಡೆಸುವ ಮ್ಯಾಥ್‌ಜಾಬ್ಸ್ ಎಂಬ ಏಕೈಕ ತಾಣದ ಮೂಲಕವೇ ಬಹಳಷ್ಟು ಅರ್ಜಿಗಳು ಹೋಗುತ್ತವೆ. ಅರ್ಥಶಾಸ್ತ್ರದಲ್ಲಂತೂ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ 2006ರ ಹಂಗಾಮಿನಿಂದ ಪ್ರತಿ ಅಭ್ಯರ್ಥಿಗೂ ಎರಡೇ ಎರಡು ‘ಆಸಕ್ತಿ ಸಂಕೇತ’ಗಳನ್ನು ಕೊಟ್ಟು, ತಮಗೆ ನಿಜವಾಗಿ ಬೇಕಾದ ಎರಡು ಸಂಸ್ಥೆಗಳಿಗೆ ಅವನ್ನು ಕಳುಹಿಸುವ ಅವಕಾಶ ಮಾಡಿಕೊಟ್ಟಿದೆ. ನೂರಾರು ಕಡೆ ಅರ್ಜಿ ಹಾಕುವವರ ನಡುವೆ ಯಾರಿಗೆ ನಿಜವಾದ ಆಸಕ್ತಿಯಿದೆಯೆಂದು ತಿಳಿಯುವುದು ನೇಮಕ ಸಮಿತಿಗೂ ಕಷ್ಟವೇ ಎಂಬುದನ್ನು ಈ ಏರ್ಪಾಟು ತೋರಿಸುತ್ತದೆ. ಸಂಕೇತದ ವ್ಯವಸ್ಥೆಯಿಲ್ಲದ ನಿಮ್ಮ ವಿಷಯದಲ್ಲಿ ಆ ಕೆಲಸವನ್ನು ಅರ್ಜಿಯ ಮುಖಪತ್ರವೇ ಮಾಡಬೇಕು. ಇಂಥ ಹುದ್ದೆ ಬಯಸುವವರು ಮಾರ್ಚ್‌ನಲ್ಲಿ ಪ್ರಬಂಧ ಸಲ್ಲಿಸಿ, ಏಪ್ರಿಲ್‌ನಲ್ಲಿ ಹುಡುಕಾಟ ಆರಂಭಿಸಿದರೆ ಬಾಗಿಲು ಆಗಷ್ಟೇ ಮುಚ್ಚಿರುತ್ತದೆ, ಮತ್ತು ಸಂಬಳವಿಲ್ಲದ ಒಂದು ವರ್ಷ ಎದುರಿಗೆ ನಿಂತಿರುತ್ತದೆ.

ಫೆಲೋಶಿಪ್‌ಗಳ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಅಲ್ಲಿ ಅರ್ಜಿಯ ಕೊನೆಯ ದಿನಾಂಕವಲ್ಲದೆ ಅರ್ಹತೆಯ ಗಡಿಯಾರವೂ ಒಂದು ಓಡುತ್ತಿರುತ್ತದೆ. ಯುರೋಪಿಯನ್ ಒಕ್ಕೂಟದ ಮೇರಿ ಸ್ಕ್ಲೋಡೊವ್ಸ್ಕಾ ಕ್ಯೂರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ 2021ರಲ್ಲಿ ಹೊಸ ರೂಪದಲ್ಲಿ ಆರಂಭವಾದಾಗ, ಪದವಿ ಪಡೆದು 8 ವರ್ಷ ಮೀರಿರಬಾರದು ಎಂಬ ಮಿತಿಯನ್ನು ಹಾಕಿಕೊಂಡಿತು. ಹೋಗಬಯಸುವ ದೇಶದಲ್ಲಿ ಹಿಂದಿನ 36 ತಿಂಗಳುಗಳ ಪೈಕಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸಿಸಿರಬಾರದು ಎಂಬುದು ಅದರ ಇನ್ನೊಂದು ನಿಯಮ. ಅಲ್ಲಿ ಅರ್ಜಿ ಹಾಕುವುದು ಒಬ್ಬರೇ ಕುಳಿತು ಮಾಡುವ ಕೆಲಸವೂ ಅಲ್ಲ. ನಿಮ್ಮನ್ನು ಬರಮಾಡಿಕೊಳ್ಳುವ ಸಂಶೋಧಕರೊಡನೆ ಸೇರಿ ಯೋಜನೆಯನ್ನು ಬರೆಯಬೇಕು, ಮತ್ತು ಅದಕ್ಕೆ ಒಪ್ಪುವ ಸಂಶೋಧಕರನ್ನು ತಿಂಗಳುಗಳ ಮುಂಚೆ ಹುಡುಕಿಕೊಂಡಿರಬೇಕು. ಜರ್ಮನಿಯಲ್ಲಿ 2007ರ ಕಾನೂನೊಂದು ಪದವಿಯ ನಂತರ ವಿಶ್ವವಿದ್ಯಾಲಯಗಳಲ್ಲಿ ಅವಧಿ ಒಪ್ಪಂದದ ಮೇಲೆ ಕೆಲಸ ಮಾಡುವುದಕ್ಕೆ ಸಾಮಾನ್ಯವಾಗಿ 6 ವರ್ಷಗಳ ಮಿತಿ ಹಾಕಿದೆ. ಇಂಥ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ, ಆದ್ದರಿಂದ ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಬೇಕು, ಹಿರಿಯರು ಬಾಯಿಮಾತಿನಲ್ಲಿ ಹೇಳಿದ್ದನ್ನಲ್ಲ. ಆದರೆ ತತ್ತ್ವ ಒಂದೇ: ಪದವಿಯ ದಿನಾಂಕದಿಂದ ಒಂದು ಎಣಿಕೆ ಆರಂಭವಾಗುತ್ತದೆ, ಮತ್ತು ಗುರಿಯಿಲ್ಲದೆ ಕಳೆದ ಪೋಸ್ಟ್‌ಡಾಕ್ ವರ್ಷಗಳೂ ಆ ಎಣಿಕೆಯಲ್ಲಿ ಸೇರುತ್ತವೆ.

ಉದ್ಯಮದ ರೀತಿ ಇದಕ್ಕೆ ತದ್ವಿರುದ್ಧ. ಔಷಧ ಕಂಪನಿಯೋ ಬಯೋಟೆಕ್ ಸಂಸ್ಥೆಯೋ ಒಂದು ಹುದ್ದೆಗೆ ಜಾಹೀರಾತು ಕೊಟ್ಟಿತೆಂದರೆ ಆ ಜಾಗ ಈಗಾಗಲೇ ಖಾಲಿಯಿರುತ್ತದೆ, ಕೆಲವೇ ತಿಂಗಳುಗಳಲ್ಲಿ ಅದನ್ನು ತುಂಬುವ ಆತುರವಿರುತ್ತದೆ. ಒಂದೂವರೆ ವರ್ಷದ ನಂತರ ಬರುತ್ತೇನೆಂದು ಅರ್ಜಿ ಹಾಕಿದರೆ ಅದನ್ನು ಓದುವವರಿಲ್ಲ. ಅಲ್ಲಿಗೆ ಅರ್ಜಿ ಹಾಕಲು ಆರಂಭಿಸಬೇಕಾದದ್ದು ಸಲ್ಲಿಕೆಗೆ ನಾಲ್ಕಾರು ತಿಂಗಳು ಇರುವಾಗ. ಆದರೆ ಆ ಅರ್ಜಿಗೆ ಬಲ ತರುವ ಪರಿಚಯಗಳು ಬೆಳೆಯಲು ವರ್ಷ ಬೇಕು, ಮತ್ತು ಜನ ತಪ್ಪುವುದು ಇಲ್ಲಿಯೇ. ನೀತಿ ನಿರೂಪಣೆಯ ಕಡೆಯ ಕಾರ್ಯಕ್ರಮಗಳು ಮತ್ತೆ ವಾರ್ಷಿಕ ಚಕ್ರದಲ್ಲಿ ನಡೆಯುತ್ತವೆ. ಅಮೆರಿಕದ ಪ್ರಜೆಗಳಾದ ವಿಜ್ಞಾನಿಗಳನ್ನು ಸಂಸತ್ತಿಗೂ ಸರ್ಕಾರಿ ಇಲಾಖೆಗಳಿಗೂ ಕಳುಹಿಸುವ, 1973ರಿಂದ ನಡೆದುಬಂದಿರುವ ಎಎಎಎಸ್ (ಅಮೆರಿಕದ ವಿಜ್ಞಾನ ಪ್ರಗತಿ ಸಂಘ) ಸಂಸ್ಥೆಯ ನೀತಿ ಫೆಲೋಶಿಪ್ ಅಂಥದ್ದಕ್ಕೆ ಒಂದು ಮಾದರಿ.

ಹೀಗಾಗಿ ನಿಮ್ಮ ಕೈಯಲ್ಲಿರುವ ಒಂದೂವರೆ ವರ್ಷ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮೊದಲ ಆರು ತಿಂಗಳುಗಳಲ್ಲಿ ಒಂದೂ ಅರ್ಜಿ ಹಾಕದೆ, ಯಾವ ಬಗೆಯ ಕೆಲಸ ಬೇಕೆಂಬುದನ್ನು ತೀರ್ಮಾನಿಸುವುದಕ್ಕೆ ಬೇಕಾದ ಮಾಹಿತಿಯನ್ನು ಮಾತ್ರ ಕೂಡಿಹಾಕಿ. ಅದಾದ ಮೇಲೆ ನಿಮ್ಮ ಸಲ್ಲಿಕೆಯ ದಿನಾಂಕದಿಂದ ಹಿಂದಕ್ಕೆ ಎಣಿಸುತ್ತ, ಫೆಲೋಶಿಪ್‌ನ ಗಡುವು, ವಿಶ್ವವಿದ್ಯಾಲಯದ ಹಂಗಾಮು ಮತ್ತು ಉದ್ಯಮದ ಅರ್ಜಿಗಳನ್ನು ಈ ಕ್ರಮದಲ್ಲಿಯೇ ಒಂದು ಹಾಳೆಯ ಮೇಲೆ ಗುರುತಿಸಿಕೊಳ್ಳಿ. ಕೊನೆಯ ಅಧ್ಯಾಯಗಳನ್ನು ಬರೆಯುವ ತಿಂಗಳುಗಳಲ್ಲಿ ಹೊಸ ನಿರ್ಧಾರಗಳು ಯಾವುವೂ ಬಾಕಿ ಉಳಿದಿರಬಾರದು. ಆಗ ಬರೆಯುವುದಕ್ಕೂ ಅರ್ಜಿಗಳನ್ನು ತಿದ್ದುವುದಕ್ಕೂ ಮಾತ್ರ ಶಕ್ತಿ ಉಳಿದಿರುತ್ತದೆ, ಅದೂ ಅಷ್ಟಕ್ಕಷ್ಟೆ.

ಇನ್ನು ಪೋಸ್ಟ್‌ಡಾಕ್ ವಿಚಾರ. ‘ಹಿರಿಯರೆಲ್ಲ ಹೋಗಿದ್ದಾರೆ’ ಎಂಬುದು ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ವಾಕ್ಯ. ಜೀವವಿಜ್ಞಾನದಲ್ಲಿ ಪೋಸ್ಟ್‌ಡಾಕ್ ಎನ್ನುವುದು ಆಯ್ಕೆಯಾಗಿ ಉಳಿಯದೆ ಅಭ್ಯಾಸವಾಗಿಬಿಟ್ಟಿದೆ. 2014ರಲ್ಲಿ ಬ್ರೂಸ್ ಆಲ್ಬರ್ಟ್ಸ್, ಮಾರ್ಕ್ ಕರ್ಶ್‌ನರ್, ಶರ್ಲಿ ಟಿಲ್ಗ್‌ಮನ್ ಮತ್ತು ಹೆರಾಲ್ಡ್ ವಾರ್ಮಸ್ ಎಂಬ ನಾಲ್ವರು ಹಿರಿಯ ವಿಜ್ಞಾನಿಗಳು ಅಮೆರಿಕದ ಜೀವವೈದ್ಯಕೀಯ ಸಂಶೋಧನೆಯ ವ್ಯವಸ್ಥೆಯನ್ನೇ ಪ್ರಶ್ನಿಸುವ ಲೇಖನವೊಂದನ್ನು ಪ್ರಕಟಿಸಿದರು. ಹುದ್ದೆಗಳು ಹೀರಿಕೊಳ್ಳಬಲ್ಲದ್ದಕ್ಕಿಂತ ಹೆಚ್ಚು ಜನರನ್ನು ಈ ವ್ಯವಸ್ಥೆ ತಯಾರು ಮಾಡುತ್ತಿದೆ, ಏಕೆಂದರೆ ಪ್ರಯೋಗಾಲಯಗಳು ನಡೆಯುವುದೇ ವಿದ್ಯಾರ್ಥಿಗಳ ಮತ್ತು ಪೋಸ್ಟ್‌ಡಾಕ್‌ಗಳ ದುಡಿಮೆಯ ಮೇಲೆ ಎಂಬುದು ಅವರ ವಾದದ ತಿರುಳು. ವ್ಯವಸ್ಥೆಯ ಒಳಗೇ ಎತ್ತರಕ್ಕೆ ಏರಿದವರು ಹೇಳಿದ ಮಾತು ಇದು ಎಂಬುದನ್ನು ಗಮನಿಸಬೇಕು. ವಾರ್ಮಸ್ ಅವರಂತೂ ನೊಬೆಲ್ ಪುರಸ್ಕೃತರು, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿರ್ದೇಶಕರಾಗಿದ್ದವರು. ಪೋಸ್ಟ್‌ಡಾಕ್ ಬೇಡವೆಂದು ನಾನು ಹೇಳುತ್ತಿಲ್ಲ. ಸಂಶೋಧನೆಗೆ ಒತ್ತು ಕೊಡುವ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ನಡೆಸಬೇಕೆಂದಿದ್ದರೆ ನಿಮ್ಮ ವಿಷಯದಲ್ಲಿ ಅದನ್ನು ತಪ್ಪಿಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ. ಕೆಲವು ಕಂಪನಿಗಳ ಸಂಶೋಧನಾ ಹುದ್ದೆಗಳೂ ಅದನ್ನು ಬಯಸುತ್ತವೆ. ಆದರೆ ವಿಜ್ಞಾನ ನಿಯತಕಾಲಿಕಗಳ ಸಂಪಾದನೆ, ಪೇಟೆಂಟ್ ಪರಿಶೀಲನೆ, ಔಷಧಗಳ ಅನುಮೋದನೆಗೆ ಸಂಬಂಧಿಸಿದ ದಾಖಲೆಗಳ ಕೆಲಸ, ವೈದ್ಯಕೀಯ ಬರವಣಿಗೆ, ದತ್ತಾಂಶ ವಿಶ್ಲೇಷಣೆ, ಸಂಶೋಧನಾ ಅನುದಾನಗಳ ಆಡಳಿತ ಇವುಗಳಲ್ಲಿ ಬಹುಪಾಲು ಹುದ್ದೆಗಳಿಗೆ ಪೋಸ್ಟ್‌ಡಾಕ್ ಕಡ್ಡಾಯವಲ್ಲ. ಅಂಥ ಕೆಲಸಕ್ಕೆ ಹೋಗುವ ಮುನ್ನ ಅದರಲ್ಲಿ ಕಳೆಯುವ ನಾಲ್ಕೈದು ವರ್ಷಗಳು ಅನುಭವವಾಗಿ ಎಣಿಕೆಗೆ ಬರುವುದೂ ಕಡಿಮೆ.

ಹೋಗುವುದೇ ಆದರೆ ಆ ಸ್ಥಾನವನ್ನು ಕೆಲಸವೆಂದೇ ಭಾವಿಸಿ ವಿಚಾರಿಸಿ. ಆ ಪ್ರಯೋಗಾಲಯದಿಂದ ಹೊರಬಂದವರು ಈಗ ಎಲ್ಲಿದ್ದಾರೆ, ಎಷ್ಟು ವರ್ಷ ಅಲ್ಲಿದ್ದರು, ಹೊರಡುವಾಗ ತಮ್ಮ ಯೋಜನೆಯ ಯಾವ ಭಾಗವನ್ನು ತಮ್ಮದೆಂದು ಕೊಂಡೊಯ್ಯಲು ಅವರಿಗೆ ಬಿಟ್ಟುಕೊಟ್ಟರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ಮೂರನೆಯದನ್ನು ಕೇಳಲು ಬಹಳ ಜನ ಸಂಕೋಚಪಡುತ್ತಾರೆ, ಆದರೆ ಸ್ವತಂತ್ರ ಹುದ್ದೆಗೆ ಅರ್ಜಿ ಹಾಕುವಾಗ ನಿರ್ಣಾಯಕವಾಗುವುದು ಅದೇ. ಉತ್ತರಗಳನ್ನು ಆ ಪ್ರಯೋಗಾಲಯದ ಮುಖ್ಯಸ್ಥರಿಂದ ಪಡೆಯುವುದರ ಜೊತೆಗೆ, ಅಲ್ಲಿಂದ ಬಿಟ್ಟು ಹೋದವರಿಂದಲೂ ಪಡೆಯಿರಿ.

ನಿಮಗೆ ಪಾಠ ಮಾಡುವುದು ಇಷ್ಟವೆಂದಿರಿ. ಅದು ಬಹಳ ಉಪಯುಕ್ತವಾದ ಮಾಹಿತಿ, ಮತ್ತು ನೀವು ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿಬಿಟ್ಟಿದ್ದೀರಿ. ಬೋಧನೆಯೇ ಮುಖ್ಯವಾದ ಕಾಲೇಜುಗಳ ನೇಮಕ ಸಮಿತಿಗಳು ಪ್ರಸಿದ್ಧ ನಿಯತಕಾಲಿಕದ ಲೇಖನಕ್ಕಿಂತ ಹೆಚ್ಚಾಗಿ, ಒಂದು ಪೂರ್ಣ ಪಠ್ಯವನ್ನು ಸ್ವತಃ ಯೋಜಿಸಿ ಕಲಿಸಿದ ಸಾಕ್ಷ್ಯವನ್ನು ಹುಡುಕುತ್ತವೆ. ಪ್ರಯೋಗಾಲಯದ ತರಗತಿಗೆ ಸಹಾಯಕರಾಗಿ ನಿಂತದ್ದು ಅದಕ್ಕೆ ಸಾಟಿಯಾಗುವುದಿಲ್ಲ. ಉಳಿದ ಅವಧಿಯಲ್ಲಿ ಒಂದು ಪಠ್ಯದ ಒಂದು ಭಾಗವನ್ನಾದರೂ ಸಂಪೂರ್ಣ ನಿಮ್ಮ ಹೊಣೆಯಲ್ಲಿ ಕಲಿಸುವ ಅವಕಾಶ ಕೇಳಿ ಪಡೆಯಿರಿ, ಪಾಠಯೋಜನೆ, ಪ್ರಶ್ನೆಪತ್ರಿಕೆ ಹಾಗೂ ವಿದ್ಯಾರ್ಥಿಗಳ ಅಭಿಪ್ರಾಯಗಳನ್ನು ಕಾಪಿಟ್ಟುಕೊಳ್ಳಿ, ತರಗತಿಯನ್ನು ಕುಳಿತು ನೋಡಿ ಬರೆದುಕೊಡಬಲ್ಲ ಅಧ್ಯಾಪಕರೊಬ್ಬರನ್ನು ಕರೆಯಿರಿ. ಪಾಠ ಮಾಡುವ ಒಲವಿರುವವರಿಗೆ ವಿಶ್ವವಿದ್ಯಾಲಯದ ಹೊರಗೂ ಕಂಪನಿಗಳ ತರಬೇತಿ ವಿಭಾಗ, ವಿಜ್ಞಾನ ವಸ್ತುಸಂಗ್ರಹಾಲಯ, ಪಠ್ಯ ರಚನೆ ಮುಂತಾದ ಜಾಗಗಳಿವೆ. ಆದರೆ ನಿಮಗೆ ಇಷ್ಟವಾಗುವುದು ತರಗತಿಯ ಮುಂದೆ ನಿಲ್ಲುವುದೋ, ಕ್ಲಿಷ್ಟವಾದದ್ದನ್ನು ಬಿಡಿಸಿ ಹೇಳುವುದೋ, ಎಳೆಯರೊಡನೆ ದೀರ್ಘಕಾಲ ಒಡನಾಡುವುದೋ ಎಂಬುದನ್ನು ಬೇರ್ಪಡಿಸಿ ನೋಡದ ಹೊರತು ಯಾವ ಜಾಗ ಹೊಂದುತ್ತದೆಂದು ಹೇಳಲಾಗದು.

ಇಂಥ ಆತ್ಮಾವಲೋಕನಕ್ಕೆ ಅಂತರ್ಜಾಲದಲ್ಲಿ ಸಾಧನಗಳಿವೆ. ವಿಜ್ಞಾನದವರಿಗಾಗಿ 2012ರಲ್ಲಿ ಬಂದ ಮೈ‌ಐಡಿಪಿ, ಮಾನವಿಕ ಮತ್ತು ಸಮಾಜವಿಜ್ಞಾನಗಳವರಿಗಾಗಿ ರೂಪಿಸಿದ ಇಮ್ಯಾಜಿನ್‌ಪಿಎಚ್‌ಡಿ, ಇವೆರಡೂ ನಿಮ್ಮ ಕೌಶಲ, ಆಸಕ್ತಿ ಮತ್ತು ಮೌಲ್ಯಗಳ ಬಗ್ಗೆ ಪ್ರಶ್ನೆ ಕೇಳಿ, ಹೊಂದಬಹುದಾದ ವೃತ್ತಿಗಳನ್ನು ಸೂಚಿಸುತ್ತವೆ. ಒಂದು ಸಂಜೆ ಅವಕ್ಕೆ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಅವುಗಳಿಗಿಂತ ಹೆಚ್ಚು ಪ್ರಯೋಜನಕಾರಿಯಾದ, ಆದರೆ ಯಾರೂ ಮಾಡದ ಅಭ್ಯಾಸವೊಂದಿದೆ. ಈಗ ಅರ್ಜಿ ಹಾಕುವ ಉದ್ದೇಶವಿಲ್ಲದೆಯೇ, ಓದಿದಾಗ ‘ಇದನ್ನು ಮಾಡಬಹುದಿತ್ತು’ ಎನಿಸಿದ ಹುದ್ದೆಗಳ ಜಾಹೀರಾತುಗಳನ್ನು ನಾಲ್ಕೈದು ತಿಂಗಳು ಕೂಡಿಹಾಕುತ್ತ ಹೋಗಿ. ಇಪ್ಪತ್ತು, ಮೂವತ್ತು ಆದ ಮೇಲೆ ಒಟ್ಟಿಗೆ ಇಟ್ಟು ಓದಿದರೆ ಎರಡು ಸಂಗತಿಗಳು ಕಾಣುತ್ತವೆ: ನಿಮ್ಮನ್ನು ಪದೇ ಪದೇ ಸೆಳೆದ ಕೆಲಸದ ಬಗೆ ಯಾವುದು, ಮತ್ತು ಅವೆಲ್ಲ ಕೇಳುವ ಆದರೆ ನಿಮ್ಮಲ್ಲಿ ಇನ್ನೂ ಇಲ್ಲದ ಒಂದೆರಡು ಕೌಶಲಗಳು ಯಾವುವು. ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದತ್ತಾಂಶ ನಿಭಾಯಿಸುವುದನ್ನು ಪ್ರಬಂಧದ ಒಂದು ಅಧ್ಯಾಯದ ನೆಪದಲ್ಲಿಯೇ ಕಲಿಯಬಹುದು. ಪದವಿಯ ನಂತರ ಅದಕ್ಕೆಂದೇ ಬೇರೆ ಕೋರ್ಸು ಸೇರುವುದಕ್ಕಿಂತ ಅದು ಅಗ್ಗ, ಮತ್ತು ಹೆಚ್ಚು ನಂಬಲರ್ಹ ಸಾಕ್ಷ್ಯ.

ಜಾಹೀರಾತು ಹೇಳದೆ ಬಿಡುವುದನ್ನು ಆ ಕೆಲಸದಲ್ಲಿರುವವರೇ ಹೇಳಬೇಕು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಪರಿಚಯಗಳ ಮೂಲಕ ಕೆಲಸ ಕಂಡುಕೊಂಡವರಿಗೆ ಸುದ್ದಿ ತಲುಪಿದ್ದು ಆಪ್ತ ಸ್ನೇಹಿತರಿಗಿಂತ ಹೆಚ್ಚಾಗಿ ಅಪರೂಪಕ್ಕೆ ಭೇಟಿಯಾಗುವ ಪರಿಚಯಸ್ಥರಿಂದ ಎಂದು ತೋರಿಸಿದರು. ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ; ಹೊಸ ಸುದ್ದಿ ಬರುವುದು ಬೇರೆ ವಲಯದವರಿಂದ ಎಂಬುದು ಅದರ ಹಿಂದಿನ ತರ್ಕ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಒಳಗೊಂಡ ಪ್ರಯೋಗಗಳ ವಿಶ್ಲೇಷಣೆಯೊಂದು 2022ರಲ್ಲಿ ಪ್ರಕಟವಾಗಿ, ಈ ಮಾತನ್ನು ಬಹುಮಟ್ಟಿಗೆ ಸಮರ್ಥಿಸಿತು. ಆದರೆ ತೀರಾ ದೂರದವರಿಗಿಂತ ಮಧ್ಯಮ ಪ್ರಮಾಣದ ಪರಿಚಯವಿರುವವರೇ ಹೆಚ್ಚು ನೆರವಾಗುತ್ತಾರೆಂಬ ತಿದ್ದುಪಡಿಯನ್ನೂ ಸೇರಿಸಿತು. ಸಂಶೋಧನಾ ವಿದ್ಯಾರ್ಥಿಯ ಮಟ್ಟಿಗೆ ಈ ‘ಮಧ್ಯಮ ಪರಿಚಯ’ದವರು ಯಾರೆಂದರೆ ನಿಮ್ಮ ಪ್ರಯೋಗಾಲಯದಿಂದ ಐದಾರು ವರ್ಷಗಳ ಹಿಂದೆ ಹೊರಟವರು, ಪಕ್ಕದ ವಿಭಾಗದಲ್ಲಿ ಓದಿ ಕಂಪನಿ ಸೇರಿದವರು, ಸಮ್ಮೇಳನವೊಂದರಲ್ಲಿ ನಿಮ್ಮ ಪೋಸ್ಟರ್ ಮುಂದೆ ನಿಂತು ಒಳ್ಳೆಯ ಪ್ರಶ್ನೆ ಕೇಳಿ ಹೋದವರು.

ಅಂಥವರಿಗೆ ಬರೆಯುವಾಗ ಕೆಲಸ ಕೇಳಬೇಡಿ. ನೀವು ಯಾರು, ಅವರನ್ನೇ ಏಕೆ ಆರಿಸಿಕೊಂಡಿರಿ, ಇಪ್ಪತ್ತು ನಿಮಿಷ ಮಾತನಾಡಲು ಸಾಧ್ಯವೇ ಎಂಬಷ್ಟನ್ನು ಐದಾರು ವಾಕ್ಯಗಳಲ್ಲಿ ಬರೆದರೆ ಸಾಕು. ಮಾತಿಗೆ ಸಿಕ್ಕಾಗ ‘ನಿಮ್ಮ ಕೆಲಸ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ಕಳೆದ ವಾರ ಸಮಯವೆಲ್ಲ ಯಾವುದಕ್ಕೆ ಹೋಯಿತು, ನಿಮ್ಮ ತಂಡಕ್ಕೆ ಕೊನೆಯದಾಗಿ ಸೇರಿದವರನ್ನು ಯಾವ ಕಾರಣಕ್ಕೆ ಆರಿಸಿದಿರಿ, ಪಿಎಚ್‌.ಡಿ. ಮಾಡಿ ಬಂದವರು ಮೊದಲ ವರ್ಷ ಎಲ್ಲಿ ಎಡವುತ್ತಾರೆ ಎಂದು ಕೇಳಿ. ಕೊನೆಗೆ ಇನ್ನು ಯಾರೊಡನೆ ಮಾತನಾಡುವುದು ಒಳ್ಳೆಯದೆಂದು ಕೇಳಿ, ಎರಡು ದಿನಗಳೊಳಗೆ ಕೃತಜ್ಞತೆಯ ಪತ್ರ ಬರೆಯಿರಿ. ಆರು ತಿಂಗಳ ನಂತರ ಅವರ ಸಂಸ್ಥೆಯಲ್ಲಿ ಜಾಗ ಖಾಲಿಯಾದಾಗ, ನಿಮ್ಮ ಹೆಸರನ್ನು ಒಳಗೆ ಹೇಳುವುದಕ್ಕೆ ಅವರಿಗೆ ಕಾರಣವಿರುತ್ತದೆ.

ಅರ್ಜಿಯ ಕಾಗದಪತ್ರಗಳ ಬಗ್ಗೆ ಹೇಳುವುದು ಬಹಳವಿದೆ, ಆದರೆ ಮುಖ್ಯವಾದ ದೋಷ ಒಂದೇ. ವಿಶ್ವವಿದ್ಯಾಲಯಕ್ಕಾಗಿ ತಯಾರಿಸಿದ ಸಿವಿಯನ್ನೇ ಉದ್ಯಮಕ್ಕೂ ಕಳುಹಿಸುತ್ತಾರೆ. ಸಿವಿ ಎನ್ನುವುದು ಪೂರ್ಣ ದಾಖಲೆ. ಲೇಖನ, ಭಾಷಣ, ಪ್ರಶಸ್ತಿ, ಬೋಧನೆ ಎಲ್ಲವೂ ಅದರಲ್ಲಿರುತ್ತವೆ, ಪುಟಗಳಿಗೆ ಮಿತಿಯಿಲ್ಲ. ರೆಸ್ಯೂಮೆ ಎನ್ನುವುದು ಒಂದು ನಿರ್ದಿಷ್ಟ ಹುದ್ದೆಗೆ ಹೊಂದುವ ಆಯ್ಕೆ; ಒಂದೆರಡು ಪುಟ ದಾಟುವುದಿಲ್ಲ. ‘ಇಂಥ ಜೀವಕೋಶಗಳಲ್ಲಿ ಇಂಥ ಪ್ರೋಟೀನಿನ ಪಾತ್ರದ ಅಧ್ಯಯನ’ ಎಂಬ ಸಾಲು ನಿಮ್ಮ ವಿಭಾಗದಲ್ಲಿ ಎಲ್ಲವನ್ನೂ ಹೇಳುತ್ತದೆ, ಅದರ ಹೊರಗೆ ಏನನ್ನೂ ಹೇಳುವುದಿಲ್ಲ. ಅದೇ ಕೆಲಸವನ್ನು ‘ಲಭ್ಯವಿದ್ದ ವಿಧಾನ ವಿಶ್ವಾಸಾರ್ಹವಾಗಿರಲಿಲ್ಲವಾದ್ದರಿಂದ ಹೊಸ ಪರೀಕ್ಷಾ ವಿಧಾನವೊಂದನ್ನು ರೂಪಿಸಿ, ಅದನ್ನು ಪ್ರಯೋಗಾಲಯದ ಇತರ ಸದಸ್ಯರಿಗೆ ಕಲಿಸಿ, ಎರಡು ಸಹಯೋಗಿ ತಂಡಗಳು ಬಳಸುವಂತೆ ಮಾಡಿದೆ’ ಎಂದು ಬರೆದರೆ, ಸಮಸ್ಯೆ ಗುರುತಿಸುವುದು, ಪರಿಹಾರ ಕಟ್ಟುವುದು, ತರಬೇತಿ ಕೊಡುವುದು, ಬೇರೆಯವರೊಡನೆ ಸೇರಿ ದುಡಿಯುವುದು ನಾಲ್ಕೂ ಕಾಣುತ್ತವೆ. ಹಾಗೆ ಬರೆದದ್ದು ನಿಜವಾಗಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಅದರ ಮೇಲೆಯೇ ಬರುತ್ತದೆ. ವಿಶ್ವವಿದ್ಯಾಲಯಗಳ ಕಡೆಯೂ ಈಗ ಬದಲಾವಣೆ ಕಾಣುತ್ತಿದೆ. ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ (ಅದರ ಲೇಖನಗಳನ್ನು ಇತರರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆಂಬ ಅಳತೆಯಿಂದ) ಸಂಶೋಧಕರನ್ನು ಅಳೆಯಬಾರದೆಂಬ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯ ಕರಡು 2012ರಲ್ಲಿ ಸಿದ್ಧವಾಯಿತು. 2019ರಲ್ಲಿ ಬ್ರಿಟನ್ನಿನ ರಾಯಲ್ ಸೊಸೈಟಿ, ಜ್ಞಾನಕ್ಕೆ, ಇತರ ವ್ಯಕ್ತಿಗಳ ಬೆಳವಣಿಗೆಗೆ, ಸಂಶೋಧನಾ ಸಮುದಾಯಕ್ಕೆ ಮತ್ತು ಸಮಾಜಕ್ಕೆ ನೀಡಿದ ಕೊಡುಗೆಗಳನ್ನು ಗದ್ಯದಲ್ಲಿ ವಿವರಿಸುವ ಸಿವಿ ಮಾದರಿಯೊಂದನ್ನು ಪ್ರಕಟಿಸಿತು. ಹಾಗೆಂದು ಎಲ್ಲ ಸಮಿತಿಗಳೂ ಲೇಖನಗಳ ಎಣಿಕೆಯನ್ನು ಬಿಟ್ಟಿವೆಯೆಂದು ನಂಬಿಕೊಳ್ಳಬೇಡಿ; ನಿಮ್ಮ ಪರಿಶೀಲನೆಯಲ್ಲಿರುವ ಎರಡನೆಯ ಲೇಖನವನ್ನು ಪ್ರಿಪ್ರಿಂಟ್ ಆಗಿ, ಅಂದರೆ ಪರಿಶೀಲನೆ ಮುಗಿಯುವ ಮೊದಲೇ ಅಂತರ್ಜಾಲದಲ್ಲಿ, ಪ್ರಕಟಿಸಲು ಮಾರ್ಗದರ್ಶಕರು ಒಪ್ಪಿದರೆ, ಅರ್ಜಿಯ ಹೊತ್ತಿಗೆ ಅದು ಓದಲು ಸಿಗುವಂತಿರುತ್ತದೆ.

ಶಿಫಾರಸು ಪತ್ರಗಳಿಗೆ ಮಾರ್ಗದರ್ಶಕರಲ್ಲದೆ ಇನ್ನಿಬ್ಬರಾದರೂ ಬೇಕು, ಮತ್ತು ಅವರು ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರಾಗಿರಬೇಕು. ಹೆಸರಾಂತರೊಬ್ಬರು ಬರೆದ ಪೊಳ್ಳು ಪತ್ರಕ್ಕಿಂತ ಸಹಯೋಗಿಯೊಬ್ಬರು ವಿವರಗಳೊಡನೆ ಬರೆದ ಪತ್ರ ಮೇಲು. ‘ಪತ್ರ ಬರೆಯುತ್ತೀರಾ’ ಎನ್ನುವ ಬದಲು ‘ನನ್ನ ಪರವಾಗಿ ಒಳ್ಳೆಯ ಪತ್ರ ಬರೆಯುವಷ್ಟು ನನ್ನ ಕೆಲಸದ ಪರಿಚಯ ನಿಮಗಿದೆಯೇ’ ಎಂದು ಕೇಳಿದರೆ, ಹಿಂಜರಿಕೆಯಿರುವವರು ಗೌರವದಿಂದಲೇ ಹಿಂದೆ ಸರಿಯಲು ದಾರಿ ಸಿಗುತ್ತದೆ.

ಸಂದರ್ಶನದ ಮಟ್ಟಿಗೆ ಒಂದು ಮಾತು. ಸಂಶೋಧನೆಯನ್ನು ಒಂದೇ ಸ್ಲೈಡ್ ಇಟ್ಟುಕೊಂಡು ಮೂರು ನಿಮಿಷಗಳಲ್ಲಿ ಸಾಮಾನ್ಯರಿಗೆ ವಿವರಿಸುವ ಸ್ಪರ್ಧೆಯನ್ನು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಆರಂಭಿಸಿತು, ಈಗ ಅದು ಅನೇಕ ದೇಶಗಳಲ್ಲಿ ನಡೆಯುತ್ತದೆ. ಸ್ಪರ್ಧೆಗೆ ಸೇರಲಿ ಬಿಡಲಿ, ಆ ಮೂರು ನಿಮಿಷಗಳ ಮಾತನ್ನು ಸಿದ್ಧಮಾಡಿಕೊಳ್ಳಿ. ಜೀವವಿಜ್ಞಾನದ ಬೋಧಕ ಹುದ್ದೆಗೆ ಹೋಗುವವರು ಸ್ಲೈಡ್ ಇಲ್ಲದೆ ಬರೀ ಹಲಗೆಯ ಮುಂದೆ ನಿಂತು ಮುಂದಿನ ಐದು ವರ್ಷಗಳ ಯೋಜನೆಯನ್ನು ಪ್ರಶ್ನೆಗಳ ಮಳೆಯ ನಡುವೆ ವಿವರಿಸಬೇಕಾದ ಸುತ್ತೊಂದು ಇರುತ್ತದೆ. ತಮ್ಮ ಸಂಶೋಧನೆಯ ಬಗ್ಗೆ ಕೊಡುವ ಮೊದಲ ಭಾಷಣವನ್ನು ಚೆನ್ನಾಗಿ ಮಾಡಿ ಈ ಸುತ್ತಿನಲ್ಲಿ ಸೋಲುವವರೇ ಹೆಚ್ಚು, ಏಕೆಂದರೆ ಅದನ್ನು ಯಾರೂ ಅಭ್ಯಾಸ ಮಾಡಿಕೊಂಡಿರುವುದಿಲ್ಲ.

ಉದ್ಯಮಕ್ಕೆ ಹೋದರೆ ಮರಳಲಾಗದೆಂಬ ನಿಮ್ಮ ಹೆದರಿಕೆಗೆ ಆಧಾರವಿಲ್ಲದಿಲ್ಲ, ಆದರೆ ಅದು ವಿಷಯದಿಂದ ವಿಷಯಕ್ಕೆ ಬದಲಾಗುತ್ತದೆ. ಎಂಜಿನಿಯರಿಂಗ್ ಮತ್ತು ಗಣಕವಿಜ್ಞಾನದಲ್ಲಿ ಎರಡೂ ಕಡೆಗೆ ಓಡಾಟವಿದೆ. ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದು ಪ್ರಾಧ್ಯಾಪಕರಾದವರು ಅಲ್ಲಿ ಅಪರೂಪವಲ್ಲ. ಜೀವವಿಜ್ಞಾನದಲ್ಲಿ ಮರಳುವುದು ಕಠಿಣ, ಮತ್ತು ಅದಕ್ಕೆ ಮುಖ್ಯ ಕಾರಣ ಕಂಪನಿಯಲ್ಲಿದ್ದ ಕಾಲದಲ್ಲಿ ಲೇಖನಗಳು ಪ್ರಕಟವಾಗದಿರುವುದು. ಹಾಗಾಗಿ ಕಂಪನಿಯೊಂದನ್ನು ಆರಿಸುವಾಗ ಅಲ್ಲಿನವರು ಲೇಖನ ಪ್ರಕಟಿಸುತ್ತಾರೆಯೇ, ವಿಶ್ವವಿದ್ಯಾಲಯಗಳೊಡನೆ ಸಹಯೋಗವಿದೆಯೇ ಎಂದು ನೋಡಿದರೆ ಈ ಹೆದರಿಕೆಯ ಅರ್ಧ ಭಾಗ ಇಳಿಯುತ್ತದೆ. ಉಳಿದರ್ಧದ ಬಗ್ಗೆ ನನಗೆ ಅನ್ನಿಸುವುದಿಷ್ಟು: ಮರಳುವ ದಾರಿಯ ಚಿಂತೆ ನಿಮಗೆ ಇಷ್ಟು ಬಲವಾಗಿದ್ದರೆ, ವಿಶ್ವವಿದ್ಯಾಲಯದ ಹುದ್ದೆಗೆ ಒಂದು ಹಂಗಾಮು ಪೂರ್ಣ ಮನಸ್ಸಿನಿಂದ ಪ್ರಯತ್ನಿಸಿ, ಎಲ್ಲಿಯವರೆಗೆ ಪ್ರಯತ್ನಿಸುತ್ತೀರಿ ಎಂಬುದಕ್ಕೆ ಮುಂಚೆಯೇ ಒಂದು ಗಡುವು ಹಾಕಿಕೊಳ್ಳಿ. ಗಡುವಿಲ್ಲದ ಕಾಯುವಿಕೆಯೇ ಜನರನ್ನು ಬಸವಳಿಸುವುದು.

ಮಾರ್ಗದರ್ಶಕರೊಡನೆ ಮಾತನಾಡುವುದಕ್ಕೆ ಒಂದು ಪ್ರತ್ಯೇಕ ಭೇಟಿಯನ್ನೇ ಕೇಳಿ. ಪ್ರಯೋಗದ ಫಲಿತಾಂಶ ಚರ್ಚಿಸುವ ಸಭೆಯ ಕೊನೆಯ ಎರಡು ನಿಮಿಷಗಳಲ್ಲಿ ಇದನ್ನು ತುರುಕಬೇಡಿ. ಪ್ರಬಂಧ ಸಲ್ಲಿಕೆಯ ವೇಳಾಪಟ್ಟಿಯೊಂದನ್ನು ಅಧ್ಯಾಯವಾರು ಬರೆದುಕೊಂಡು ಹೋಗಿ, ಅದನ್ನೇ ಮೊದಲು ಅವರ ಮುಂದಿಡಿ, ಆಮೇಲೆ ಅದೇ ಹಾಳೆಯ ಮೇಲೆ ಅರ್ಜಿಗಳ ಗಡುವುಗಳನ್ನು ತೋರಿಸಿ. ‘ಮೊದಲು ಪ್ರಬಂಧ’ ಎನ್ನುವವರ ಆತಂಕ ಸಾಮಾನ್ಯವಾಗಿ ಪ್ರಬಂಧ ತಡವಾದೀತೆಂಬುದೇ. ಅದಕ್ಕೆ ಉತ್ತರ ಹಾಳೆಯಲ್ಲಿಯೇ ಇದ್ದರೆ ವಾದಕ್ಕೆ ಆಸ್ಪದವಿರುವುದಿಲ್ಲ. ಇದು ನೀವು ಕೇಳುವ ವಿಶೇಷ ರಿಯಾಯಿತಿಯೂ ಅಲ್ಲ. ಬ್ರಿಟನ್ನಿನ ಸಂಶೋಧಕರ ವೃತ್ತಿ ಬೆಳವಣಿಗೆಯ ಒಡಂಬಡಿಕೆ 2019ರ ಪರಿಷ್ಕರಣೆಯಲ್ಲಿ ಸಂಶೋಧನಾ ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ 10 ದಿನಗಳನ್ನು ಇಂಥ ಬೆಳವಣಿಗೆಗೆಂದೇ ಮೀಸಲಿಡಬೇಕೆಂದು ಹೇಳಿದೆ. ಉದ್ಯಮದ ಒಲವನ್ನು ಹೇಳಿಕೊಂಡರೆ ತಮ್ಮ ಮೇಲಿನ ಆಸಕ್ತಿ ಕುಂದೀತೆಂದು ಅನೇಕರು ಅಂಜುತ್ತಾರೆ. ಆ ಅಂಜಿಕೆ ಕೆಲವು ಕಡೆ ನಿಜವೂ ಹೌದು. ನಿಮ್ಮ ಮಾರ್ಗದರ್ಶಕರು ಅಂಥವರೆಂದು ನಿಮಗೆ ಖಚಿತವಾಗಿದ್ದರೆ ಎಲ್ಲವನ್ನೂ ಒಂದೇ ಸಲ ಹೇಳಬೇಕಾದ ಅಗತ್ಯವಿಲ್ಲ. ‘ಎರಡು ಮೂರು ದಾರಿಗಳನ್ನು ನೋಡುತ್ತಿದ್ದೇನೆ, ಅವುಗಳಲ್ಲಿ ಇದೂ ಒಂದು’ ಎಂದರೆ ಅದು ಸುಳ್ಳಲ್ಲ, ಮತ್ತು ಶಿಫಾರಸು ಪತ್ರ ಬೇಕಾದಾಗ ವಿಷಯ ಅವರಿಗೆ ಹೊಸದಾಗಿಯೂ ಇರುವುದಿಲ್ಲ. ಸಲಹಾ ಸಮಿತಿಯ ಇನ್ನೊಬ್ಬ ಸದಸ್ಯರನ್ನು ಈ ವಿಷಯದಲ್ಲಿ ವಿಶ್ವಾಸಕ್ಕೆ ತೆಗೆದುಕೊಂಡಿರುವುದು ಯಾವ ಸಂದರ್ಭದಲ್ಲಿಯೂ ಒಳ್ಳೆಯದು.

ಕೊನೆಯದಾಗಿ, ನೀವು ಕೇಳದಿದ್ದರೂ ಬಂದೇ ಬರುವ ಸಂದರ್ಭವೊಂದಿದೆ: ಪ್ರಬಂಧ ಮುಗಿಯುವ ಮೊದಲೇ ನೇಮಕದ ಪತ್ರ ಕೈಗೆ ಬರುವುದು. ಸೇರುವ ದಿನಾಂಕವನ್ನು ಮುಂದೂಡುವಂತೆ ಕೇಳಲು ಹಿಂಜರಿಯಬೇಡಿ. ಸಂಸ್ಥೆಗಳು ಒಂದೆರಡು ತಿಂಗಳ ಮಟ್ಟಿಗೆ ಇದಕ್ಕೆ ಒಪ್ಪುವುದುಂಟು. ಹುದ್ದೆ ಪದವಿಯ ಪ್ರದಾನಕ್ಕೆ ಕಟ್ಟುಬಿದ್ದಿದೆಯೋ, ಮೌಖಿಕ ಪರೀಕ್ಷೆ ಮುಗಿದರೆ ಸಾಕೋ, ಸಲ್ಲಿಕೆಯಾಗಿದ್ದರೆ ಸಾಕೋ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ, ಏಕೆಂದರೆ ಈ ಮೂರರ ನಡುವೆ ಹಲವು ತಿಂಗಳುಗಳ ಅಂತರವಿರಬಹುದು ಮತ್ತು ಪರೀಕ್ಷಕರ ವರದಿ ಯಾವಾಗ ಬರುತ್ತದೆಂಬುದು ನಿಮ್ಮ ಕೈಯಲ್ಲಿಲ್ಲ. ಮುಂದೂಡಲು ಅವರು ಒಪ್ಪದೆ, ನೀವು ಸೇರಲೇಬೇಕಾಗಿ ಬಂದರೆ, ಹೊರಡುವ ಮೊದಲು ಎಲ್ಲ ಪ್ರಯೋಗಗಳನ್ನೂ ಚಿತ್ರಗಳನ್ನೂ ಮುಗಿಸಿ, ಬರವಣಿಗೆ ಮಾತ್ರ ಬಾಕಿಯಿರುವಂತೆ ನೋಡಿಕೊಳ್ಳಿ. ಹೊಸ ಕೆಲಸದ ಸಂಜೆಗಳಲ್ಲಿ ಅಧ್ಯಾಯವೊಂದನ್ನು ಬರೆದು ಮುಗಿಸಬಹುದು, ಹಳೆಯ ಪ್ರಯೋಗಾಲಯದಲ್ಲಿ ಬಿಟ್ಟುಬಂದ ಪ್ರಯೋಗವನ್ನು ಮುಗಿಸಲಾಗದು.